ಧಕ್ಕೆಗೆ ಬರುವ ಮುನ್ನ

"ಇನ್ನೊಂದು ಸಲ ಗಾಳ ಹಾಕಿದ್ರೆ ಈಜ್ಕೊಂಡೇ ಊರಿಗೆ ಹೋಗ್ತೀನಿ ನೋಡು," ಎಂದಳು ತಂಗಿ.

"ಹೋಗು. ಆ ಕಡೆ ಮೀನು ಕಂಡ್ರೆ ಕೂಗಿ ಹೇಳು." ಅಣ್ಣ ಗಾಳಕ್ಕೆ ಸಿಗಡಿ ಚುಚ್ಚುತ್ತಲೇ ಇದ್ದ.

ಒಳ್ಳೆಯ ಗಾಳಿ ಬೀಸುತ್ತಿತ್ತು. ಅಂಥದರಲ್ಲಿ ಹಾಯಿ ಇಳಿಸಿ ಕೂರುವುದು ಅವಳಿಗೆ ತಡೆಯಲಾಗದಾಗಿತ್ತು. ಬೆಳಿಗ್ಗೆಯಿಂದ ದೋಣಿಯೊಳಗಿನ ಸ್ಟವ್ ಉಜ್ಜಿದ್ದಳು, ಮಡಿಸಿದ್ದ ಹೊದಿಕೆಯನ್ನೇ ಬಿಡಿಸಿ ಮತ್ತೆ ಮಡಿಸಿದ್ದಳು. ದಕ್ಷಿಣದ ದ್ವೀಪಗಳಲ್ಲಿ ಚಳಿಗಾಲ ಕಳೆದು ಊರಿಗೆ ಹೊರಟಾಗಿನಿಂದ ಇದೇ ಪಾಡು. ಒಂದು ಬಂಡೆ ಕಂಡರೆ ಸಾಕು, ಅಣ್ಣನಿಗೆ ಅದರಡಿಯಲ್ಲಿ ಮೀನು ಇರಲೇಬೇಕು.

ಅವನು ದೋಣಿ ಕಟ್ಟುವ ಬಡಗಿ. ಪ್ರತಿ ಚಳಿಗಾಲ ತನ್ನ ಹಾಯಿದೋಣಿಯಲ್ಲಿ ಒಬ್ಬನೇ ಹೊರಡುತ್ತಿದ್ದ. ಈ ಸಲ ತಂಗಿ ಬಟ್ಟೆಗಂಟು ಹಿಡಿದು ಬಂದು, "ನಾನೂ ಬರ್ತೀನಿ," ಎಂದಿದ್ದಳು. ಅವಳ ಗಂಡ ಬೈಯುವವನಲ್ಲ, ಕೈ ಎತ್ತುವವನಲ್ಲ. ಮುನಿಸು ಬಂದರೆ ಮಾತು ಬಿಡುತ್ತಿದ್ದ, ಅಷ್ಟೇ. ವಾರಗಟ್ಟಲೆ. ಕೊನೆಕೊನೆಗೆ ಅವಳು ಅಡುಗೆಮನೆಯಲ್ಲಿ ಪಾತ್ರೆಗಳ ಜೊತೆ ಮಾತಾಡುತ್ತಿದ್ದಳು. ಹೊರಟ ದಿನವೂ ಅವನು ಬಾಗಿಲಲ್ಲಿ ನಿಂತು ನೋಡಿದನೇ ಹೊರತು ಬಾಯಿ ಬಿಡಲಿಲ್ಲ.

ದಾರ ಒಮ್ಮೆಲೇ ಜಗ್ಗಿತು. ಅಣ್ಣ ಮುಗ್ಗರಿಸಿ ದೋಣಿಯ ಅಂಚು ಹಿಡಿದ. "ದೊಡ್ಡದು ಕಣೆ. ಬಂಡೆ ಕಡೆ ಓಡ್ತಿದೆ. ದಾರ ಕಲ್ಲಿಗೆ ತಾಗಿ ಕಡಿಯೋ ಮೊದಲು ಆಳಕ್ಕೆ ಎಳೀಬೇಕು. ಹಾಯಿ ಏರಿಸು, ಚುಕ್ಕಾಣಿ ಹಿಡಿ."

"ನನಗೆ ಬರಲ್ಲ."

"ಚಳಿಗಾಲ ಪೂರ್ತಿ ಮತ್ತೇನು ಕಲಿತೆ?"

ಅವಳು ಹಗ್ಗ ಎಳೆದಳು. ಹಾಯಿ ಪಟಪಟ ಬಡಿದು ಗಾಳಿ ತುಂಬಿಕೊಂಡಿತು. ದೋಣಿ ಓಲಿ, ಬಂಡೆಗಳತ್ತ ಸರಿಯಿತು. ಅವಳು ಚುಕ್ಕಾಣಿಯ ಮೇಲೆ ಮೈಭಾರವೆಲ್ಲ ಹಾಕಿದಳು. ಕಲ್ಲಿನ ಮೇಲಿನ ಪಾಚಿ ಕಾಣುವಷ್ಟು ಹತ್ತಿರ ಹೋಗಿ ದೋಣಿ ಮೆಲ್ಲನೆ ತಿರುಗಿತು. ಆಳದ ನೀರಿಗೆ ಬಂದ ಮೇಲೆ, ದಣಿದ ಮೀನು ಬೆಳ್ಳಗೆ ಮೇಲೆದ್ದಿತು.

ಇಬ್ಬರೂ ಏದುಸಿರು ಬಿಡುತ್ತ ಕುಳಿತರು. ಅಣ್ಣ ದಾರದಿಂದ ಕೊಯ್ದುಹೋದ ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತ, "ನಿನಗೋಸ್ಕರವೇ ತಡ ಮಾಡ್ತಿದ್ದೆ," ಎಂದ. "ಮನೆಗೆ ಹೋಗೋಕೆ ಹೆದರ್ತಿದ್ದೀಯೇನೋ ಅಂತ."

"ತಡ ಆದ್ರೇ ಹೆದರಿಕೆ ನನಗೆ. ಮಾಡಿದ ಮನಸ್ಸು ಬದಲಾದ್ರೆ?"

"ಏನು ಮನಸ್ಸು ಮಾಡಿದ್ದೀಯ?"

"ಹೊಲಿಗೆ ಮಿಷನ್ ಆ ಮನೆಯಲ್ಲೇ ಇದೆ. ಅದನ್ನ ತಂದು ನಿನ್ನ ಶೆಡ್ಡಿನ ಮೇಲಿನ ಕೋಣೆಯಲ್ಲಿ ಇಟ್ಕೋತೀನಿ. ಹಾಯಿ ಹೊಲೀತೀನಿ."

ಅಣ್ಣ ಗಾಳದ ದಾರವನ್ನು ಸುತ್ತಿ ಪೆಟ್ಟಿಗೆಯೊಳಗೆ ಹಾಕಿದ.

ಮಾರನೆಯ ಸಂಜೆ ದೋಣಿಗಳು ತಂಗುವ ಊರ ಧಕ್ಕೆ ಕಂಡಾಗ ಚುಕ್ಕಾಣಿ ಅವಳ ಕೈಯಲ್ಲೇ ಇತ್ತು. ಕಲ್ಲುಕಟ್ಟೆಯ ತುದಿಯಲ್ಲಿ ಅವಳ ಗಂಡ ನಿಂತಿದ್ದ. ದೋಣಿ ಹತ್ತಿರವಾದಾಗ ಅವನು ಗಂಟಲು ಸರಿಮಾಡಿಕೊಂಡ.

"ಗಾಳಿ ಚೆನ್ನಾಗಿತ್ತಾ?"

"ಇತ್ತು." ಅವಳು ಚುಕ್ಕಾಣಿಯನ್ನು ಅಣ್ಣನಿಗೆ ಕೊಟ್ಟು ಮುಂದಕ್ಕೆ ಬಂದಳು. "ನಾಳೆ ಮನೆಗೆ ಬರ್ತೀನಿ. ಮಿಷನ್ ತಗೊಂಡು ಹೋಗೋಕೆ."

ಅವನು ನೀರು ನೋಡುತ್ತ ನಿಂತ. ಇನ್ನು ಮಾತು ಮುಗಿಯಿತು ಎಂದುಕೊಂಡಳು.

"ಅದು ಭಾರ," ಎಂದ ಅವನು. "ನಾನೇ ತಂದ್ಕೊಡ್ತೀನಿ."

ಅವಳು ಹಗ್ಗ ಎಸೆದಳು. ಅವನು ಹಿಡಿದ. ಎಲ್ಲಿ ಕಟ್ಟಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದೇ ನಿಂತ. ದೋಣಿ ನಿಧಾನವಾಗಿ ಹಿಂದಕ್ಕೆ ಸರಿಯಿತು. ಹಗ್ಗ ಬಿಗಿಯಾಗಿ, ಅವನು ನೀರಿನತ್ತ ಒಂದು ಹೆಜ್ಜೆ ಮುಂದೆ ಬಂದ.