ಕಳಸದಲ್ಲಿ ಎರಡು ದಿನ

ಮದುವೆಯಾದ ಹನ್ನೊಂದು ವರ್ಷಕ್ಕೆ ಶಿವರಾಜ್ ದೊಡ್ಡ ಮನಸ್ಸು ಮಾಡಿ, ಶನಿವಾರ ಭಾನುವಾರ ಕಳಸದಲ್ಲಿ ಕಳೆಯೋಣವೆಂದು ಹೆಂಡತಿಯನ್ನು ಭದ್ರಾವತಿಯಿಂದ ಹೊರಡಿಸಿದ. ಉಮಾಮಹೇಶ್ವರಿ ಆಸೆಪಟ್ಟು ಹೊಸ ಸ್ವೆಟರ್ ಕೊಂಡಳು. "ಹೋಂಸ್ಟೇ ಯಾಕೆ, ನನ್ ತಂಗಿ ಮನೆ ಇಲ್ವಾ?" ಎಂದು ಅವನು ಅಂದಾಗಲೇ ಅವಳಿಗೆ ವಾಸನೆ ಬಡಿಯಬೇಕಿತ್ತು.

ಇವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನಾದಿನಿ ಸ್ಫೂರ್ತಿ ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು. "ಒಳ್ಳೇ ಟೈಮಿಗೆ ಬಂದ್ರಿ ಅತ್ತಿಗೆ. ನಾವೂ ಹೊರಗೆ ಹೋಗಿ ಎಷ್ಟು ದಿನ ಆಯ್ತೋ! ಶಿವಮೊಗ್ಗ ಸುತ್ತಾಡ್ಕೊಂಡು ನಾಳೆ ಸಂಜೆ ಬರ್ತೀವಿ. ನಮ್ಮತ್ತೆಗೆ ಗಂಜಿ ತೆಳ್ಳಗಿರ್ಲಿ" ಎಂದವಳು ಗಂಡನೊಡನೆ ಹೊರಟೇಬಿಟ್ಟಳು. ಒಳಕೋಣೆಯಲ್ಲಿ, ಸೊಂಟ ಮುರಿದುಕೊಂಡು ಮಲಗಿದ್ದ ಮುದುಕಿ ಕೆಮ್ಮಿದಳು.

ಮುದುಕಿಗೆ ಗಂಜಿ ಕುಡಿಸಿ, ಮೈ ಒರೆಸಿ, ಬಟ್ಟೆ ಒಗೆಯುವುದರಲ್ಲೇ ಎರಡು ದಿನ ಮುಗಿಯಿತು. ಶಿವರಾಜ್ ಗುಡ್ಡ ಹತ್ತಿ ಬಂದ, ಹೊಳೆಯಲ್ಲಿ ಮಿಂದು ಬಂದ, "ಏನ್ ಗಾಳಿ ಮಾರಾಯ್ತಿ!" ಎನ್ನುತ್ತ ಉಂಡು ಮಲಗಿದ. ಅವಳು ಕಂಡ ಗುಡ್ಡ ಅಡುಗೆಮನೆಯ ಕಿಟಕಿಯಷ್ಟೇ ಅಗಲವಿತ್ತು. ಸ್ವೆಟರ್ ಕವರಿನಲ್ಲೇ ಉಳಿಯಿತು.

ಸೋಮವಾರ ಪಕ್ಕದ ಮನೆಯ ವಿಶಾಲಮ್ಮ, "ಕಳಸ ಹೆಂಗಿತ್ತಮ್ಮ?" ಎಂದು ಕೇಳಿದರು. ಉಮಾಮಹೇಶ್ವರಿ ಬಾಯಿ ತೆರೆಯುವಷ್ಟರಲ್ಲಿ ಶಿವರಾಜ್ ನಕ್ಕ.

"ಇವಳನ್ನೇನ್ ಕೇಳ್ತೀರಾ! ಅಷ್ಟು ದೂರ ಕರ್ಕೊಂಡು ಹೋದ್ರೂ ಮನೆ ಬಿಟ್ಟು ಹೊರಗೇ ಬರ್ಲಿಲ್ಲ."