ಕಿರಣನ ಕೈ

ಗುಡಗೇರಿ ಸ್ಟೇಶನ್ನಿನ ಹತ್ತಿರದ ಗೋದಾಮಿನಲ್ಲಿ ಒಟ್ಟಿದ್ದ ಕಡಲೆ ಚೀಲಗಳು ಕುಸಿದು ಹಮಾಲಿ ಕಿರಣಕುಮಾರ ತೀರಿಕೊಂಡಾಗ ಅವನಿಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಅವನ ಫೋನೂ ಚೀಲಗಳಡಿ ಪುಡಿಯಾಯಿತು. ಫೋಟೋಗಳೆಲ್ಲ ಅದರಲ್ಲೇ ಇದ್ದವು. ಆಧಾರ್ ಕಾರ್ಡಿನ ಚಿತ್ರವನ್ನು ದೊಡ್ಡದು ಮಾಡಿಸಿ ಅಕ್ಕ ಗಂಗಾ ಗೋಡೆಗೆ ಹಾಕಿದಳು. ತಾಯಿ ತಾಯವ್ವ ಅದನ್ನು ಬಹಳ ಹೊತ್ತು ನೋಡಿ, ಇವ ಯಾರೋ ಬೇರೆಯವ ಎಂದು ಮುಖ ತಿರುಗಿಸಿಕೊಂಡಳು. ಗೋದಾಮಿನ ಮಾಲೀಕ ಈರಬಸಪ್ಪ ಬಂದು, ಹಣೆಬರಹ ಎಂದು ಹೇಳಿ, ಚಹಾ ಬೇಡವೆಂದು ಎದ್ದು ಹೋದ.

ಗಂಡನ ಮನೆ ಬಿಟ್ಟು ಬಂದ ಮೇಲೆ ಗಂಗಾ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದಳು. ಚಿತ್ರ ಬರೆದವಳಲ್ಲ, ಅವಳ ರಂಗೋಲಿ ಕೂಡ ಸೊಟ್ಟ. ಬರೆಯುವ ಹುಚ್ಚು ಇದ್ದದ್ದು ತಮ್ಮನಿಗೆ. ಸ್ಟೇಶನ್ನಿನಲ್ಲಿ ನಿಲ್ಲುವ ಗೂಡ್ಸ್ ಗಾಡಿಗಳ ಮೇಲೆ ದೂರದ ಊರಿನ ಹುಡುಗರು ಸ್ಪ್ರೇ ಹೊಡೆದು ಬರೆದ ಉಬ್ಬಿದ ಅಕ್ಷರಗಳನ್ನು ಅವನು ಚೀಲ ಹೊರುತ್ತಲೇ ನೋಡುತ್ತಿದ್ದ. ಅವು ಯಾವ ಭಾಷೆಯವೋ ತಿಳಿಯುತ್ತಿರಲಿಲ್ಲ. ಆದರೂ ಕನ್ನಡವನ್ನು ಹೀಗೆ ಬರೆದರೆ ಹೇಗೆ ಅನ್ನಿಸಿತ್ತು. ಟ್ರ್ಯಾಕ್ಟರ್ ಗ್ಯಾರೇಜಿನವರು ಎಸೆದ ಸ್ಪ್ರೇ ಡಬ್ಬಿಗಳ ತಳದಲ್ಲಿ ಉಳಿದ ನೀಲಿ, ಕೆಂಪು ಬಣ್ಣದಿಂದ ಊರ ತುಂಬ, ನಾಟಕ ಕಂಪನಿಯ, ಹತ್ತಿ ಬೀಜದ, ಚುನಾವಣೆಯ ಪೋಸ್ಟರುಗಳ ಮೇಲೆಲ್ಲ 'ಕಿರಣ' ಎಂದು ಬರೆದ. 'ಕಿ'ಯ ಗುಡಿಸು ಹಾವಿನಂತೆ ಬಳುಕುತ್ತಿತ್ತು. ಮಂದಿ ಬೈದರು. ಗಂಗಾಳೂ ಬೈದಿದ್ದಳು.

ಅವನು ಹೋಗಿ ಒಂದು ತಿಂಗಳಾಗಿರಬೇಕು. ಗಂಗಾ ಸಂತೆಯಿಂದ ಬರುವಾಗ ಬಸ್ ನಿಲ್ದಾಣದ ಗೋಡೆಯ ಮೇಲಿನ ನಾಟಕದ ಪೋಸ್ಟರನ್ನು ಆಡೊಂದು ಜಗಿಯುತ್ತಿತ್ತು. ಮೈದಾ ಅಂಟಿನ ರುಚಿಗೆ ಆಡುಗಳು ಪೋಸ್ಟರು ತಿನ್ನುತ್ತವೆ. ಅದರ ಬಾಯಲ್ಲಿ ನೀಲಿ ಬಣ್ಣ ಕಂಡು ಅವಳು ಕಾಯಿಪಲ್ಲೆ ಅಲ್ಲೇ ಬಿಟ್ಟು ಓಡಿದಳು. 'ಕಿ' ಹೋಗಿತ್ತು. 'ರಣ' ಉಳಿದಿತ್ತು. ಉಗುರಿನಿಂದ ಕೆರೆದು ತೆಗೆಯಲು ಹೋಗಿ ಅದರಲ್ಲೂ ಅರ್ಧ ಹರಿಯಿತು.

ಆಮೇಲೆ ಕಲಿತಳು. ಒದ್ದೆ ಬಟ್ಟೆ ಒತ್ತಿ ಹಿಡಿದು, ಅಂಟು ಮೆತ್ತಗಾದ ಮೇಲೆ ಹಾಳೆ ಬಿಡಿಸಬೇಕು. ಕಿರಣನ ಜೊತೆಗಾರ ಹಮಾಲಿ ರಮಜಾನನಿಗೆ ಅವನು ಎಲ್ಲೆಲ್ಲಿ ಬರೆದಿದ್ದನೆಂದು ಗೊತ್ತಿತ್ತು. ಒಂದೊಂದೇ ಜಾಗ ತೋರಿಸಿದ. ಮನೆಯಲ್ಲಿ ಹಳೆಯ ಫ್ಲೆಕ್ಸಿನ ಹಿಂಬದಿಗೆ ಅವಳು ಅವನ್ನು ಅಂಟಿಸತೊಡಗಿದಳು. ಅಕ್ಷರಗಳ ಜೊತೆ ನಟಿಯ ಒಂದು ಕಣ್ಣು, ಅರಳಿದ ಹತ್ತಿಕಾಯಿ, ಯಾರದೋ ಮುಗಿದ ಕೈಗಳೂ ಬಂದಿದ್ದವು. ಮೊದಲು ಅವನ್ನು ಕತ್ತರಿಸಿ ಎಸೆಯುತ್ತಿದ್ದಳು. ಒಂದು ದಿನ ಆ ಕಣ್ಣಿನ ಪಕ್ಕ ಕೆಂಪು 'ರ' ಇಟ್ಟು ನೋಡಿ, ಕತ್ತರಿ ಕೆಳಗಿಟ್ಟಳು. ಅಂದಿನಿಂದ ಏನನ್ನೂ ಎಸೆಯಲಿಲ್ಲ. ಮನೆಯಿಂದ ಸಂತೆಗೆ, ಸಂತೆಯಿಂದ ಸ್ಟೇಶನ್ನಿಗೆ ತಮ್ಮ ಓಡಾಡಿದ ದಾರಿಯಂತೆ ತುಂಡುಗಳನ್ನು ಜೋಡಿಸುತ್ತ ಹೋದಳು. ನಡುವೆ, ಗೋದಾಮಿನ ಜಾಗ, ಖಾಲಿ ಉಳಿಯಿತು. ಗೋದಾಮಿನ ಗೋಡೆಗೆ ಆಗಲೇ ಹೊಸ ಬಣ್ಣ ಬಿದ್ದಿತ್ತು.

ಅಣ್ಣಿಗೇರಿ ಕಡೆಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಅಮೃತಾ, ಗಂಗಾ ಹೀಗೆ ಅಂಟಿಸುತ್ತಿರುವ ಸುದ್ದಿ ಕೇಳಿ ಮನೆಗೆ ಬಂದಳು. ನೆಲದ ಮೇಲೆ ಕೂತು ಬಹಳ ಹೊತ್ತು ನೋಡಿದಳು. ಧಾರವಾಡದಲ್ಲಿ ಪ್ರದರ್ಶನವೊಂದಿದೆ, ತಾನೇ ಗಾಡಿ ತಂದು ಒಯ್ಯುತ್ತೇನೆ ಎಂದಳು. ಏಳುವಾಗ ಖಾಲಿ ಜಾಗದ ಮೇಲೆ ಕೈಯಿಟ್ಟಳು.

"ಇದನ್ನ ಹಿಂಗ ಬಿಡ್ರಿ ಗಂಗಕ್ಕಾ. ತುಂಬಬ್ಯಾಡ್ರಿ."

ಗಂಗಾ ತಲೆಯಾಡಿಸಿದಳು. ಆದರೆ ಅಲ್ಲಿ ಕಣ್ಣು ಹೋದಾಗಲೆಲ್ಲ ಅವಳಿಗೆ ಚೀಲಗಳೇ ಕಾಣುತ್ತಿದ್ದವು. ಪಕ್ಕದ ಊರು ಯರಗುಪ್ಪಿಯ ನೀರಿನ ಟಾಕಿಗೆ ಹಚ್ಚಿದ್ದ ಪೋಸ್ಟರುಗಳ ಮೇಲೆ ಕಿರಣ ಎಲ್ಲಕ್ಕಿಂತ ದೊಡ್ಡದಾಗಿ ಹೆಸರು ಬರೆದಿದ್ದ ಎಂದು ರಮಜಾನ್ ನೆನಪಿಸಿಕೊಂಡ. ಬೈಕಿನಲ್ಲಿ ಹೋದರು. ಟಾಕಿ ಸುಣ್ಣ ಬಳಿದುಕೊಂಡು ಬೆಳ್ಳಗೆ ನಿಂತಿತ್ತು. ಊರು ಸ್ವಚ್ಛ ಮಾಡುವವರು ಪೋಸ್ಟರುಗಳನ್ನೆಲ್ಲ ಕೆರೆದು, ಬುಡದಲ್ಲೇ ರಾಶಿ ಹಾಕಿ ಸುಟ್ಟಿದ್ದರು. ಗಂಗಾ ಬೂದಿ ಕೆದಕಿದಳು. ಏನೂ ಇರಲಿಲ್ಲ. "ನಡೀ ಅಕ್ಕಾ, ಹೋಗೂಣು," ಎಂದು ರಮಜಾನ್ ಕರೆಯುತ್ತಲೇ ಇದ್ದ.

ಮರುದಿನ ಅವಳು ಸ್ಪ್ರೇ ಡಬ್ಬಿ ತಂದಳು. ಬಿಸಿಲಿಗೆ ಬಣ್ಣ ಬಿಟ್ಟ ಹಳೆಯ ಪೋಸ್ಟರುಗಳ ಮೇಲೆ 'ಕಿರಣ' ಎಂದು ಬರೆದು ನೋಡಿದಳು. ಮೊದಮೊದಲು ಗೆರೆ ಸೊಟ್ಟಾಯಿತು, ಬಣ್ಣ ಇಳಿಯಿತು. ಬರೆಯುತ್ತ ಬರೆಯುತ್ತ ಮಣಿಕಟ್ಟು ತಾನಾಗಿಯೇ ತಿರುಗತೊಡಗಿತು. ಆಗ ತಮ್ಮ ತನ್ನ ಕೈಯೊಳಗೆ ಬಂದು ಕೂತಂತೆ ಅನ್ನಿಸುತ್ತಿತ್ತು. ಅವನು ಸತ್ತ ಮೇಲೆ ಅವಳಿಗೆ ಸಿಕ್ಕ ಸುಖ ಅದೊಂದೇ. ಬರೆದದ್ದನ್ನು ಬಿಸಿಲಲ್ಲಿ ಒಣಗಿಸಿ, ನೀರು ಚಿಮುಕಿಸಿ, ಹರಿದು ನಡುವೆ ಅಂಟಿಸಿದಳು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆಡು ತಿಂದ 'ಕಿ' ಬರೆದಳು, ಹರಿದ 'ಣ' ಸರಿ ಮಾಡಿದಳು, ಮಾಸಿದ್ದರ ಮೇಲೆ ತಾನು ಬರೆದ ಹೊಸ ಹಾಳೆ ಅಂಟಿಸಿದಳು. ಒಯ್ಯುವ ದಿನ ಬರುವ ಹೊತ್ತಿಗೆ ಎಲ್ಲೂ ಒಂದು ಗೇಣು ಖಾಲಿ ಇರಲಿಲ್ಲ.

ಆ ಮುಂಜಾನೆ ಫ್ಲೆಕ್ಸನ್ನು ಅಂಗಳದಲ್ಲಿ ಹಾಸಿದಾಗ, ಇಷ್ಟು ದಿನ ಅದರತ್ತ ಸುಳಿಯದಿದ್ದ ತಾಯವ್ವ ಹತ್ತಿರ ಬಂದು ಕೂತಳು. ಕಣ್ಣು ಮಂಜಾಗಿದ್ದರಿಂದ ಬೆರಳಾಡಿಸುತ್ತ ಬಂದವಳು ನಡುವಿನ ಹೆಸರಿನ ಮೇಲೆ ತಡೆದಳು.

"ಇದು ಅವನ ಕೈ ಬೇ," ಎಂದಳು. "ಉಳಿದದ್ದು ನೀ ಬರದೀ. ಇದು ನನ್ನ ಮಗಂದು."

ಅದು ಗಂಗಾಳದು. ತಾಯಿಗೆ ನಿಜವಾದದ್ದೊಂದನ್ನು ತೋರಿಸಬೇಕೆಂದು ಅವಳು ಬಗ್ಗಿ ಹುಡುಕಿದಳು. ಕೆಂಪು 'ರ' ಅವನದು ಅನ್ನಿಸಿತು. ಅಂಚಿನಲ್ಲಿ ತಾನು ತಿದ್ದಿದ ನೆನಪಾಯಿತು. ಬಸ್ ನಿಲ್ದಾಣದ ತುಂಡು ಯಾವುದೆಂದೇ ತಿಳಿಯಲಿಲ್ಲ. ಒದ್ದೆ ಬಟ್ಟೆ ತಂದು ಮೇಲಿನ ಪದರ ಬಿಡಿಸಿ ನೋಡಹೋದಳು. ಎರಡೂ ಹಾಳೆ ಒಟ್ಟಿಗೇ ಎದ್ದು ಕೈಯಲ್ಲಿ ಮುದ್ದೆಯಾದವು. ಇನ್ನೊಂದು ಬಿಡಿಸಿದಳು. ಅದೂ ಹಾಗೇ ಆಯಿತು.

ಅಮೃತಾಳ ಗಾಡಿ ಬಂದಾಗ ಅರ್ಧ ಫ್ಲೆಕ್ಸು ಬರಿದಾಗಿತ್ತು. ಗಂಗಾಳ ಮೊಣಕೈವರೆಗೂ ಒದ್ದೆ ಕಾಗದ ಮೆತ್ತಿಕೊಂಡಿತ್ತು. ಏನಾಯಿತೆಂದು ಅಮೃತಾ ಕೇಳಿದಳು. ಅವನನ್ನು ನಾನೇ ಅಳಿಸಿಬಿಟ್ಟೆ ಎಂದಷ್ಟೇ ಗಂಗಾ ಹೇಳಿದಳು. ಅಮೃತಾ ಬರಿಗೈಲಿ ಧಾರವಾಡಕ್ಕೆ ಹೋದಳು.

ನಡುವಿನ ಹೆಸರನ್ನು ತಾಯವ್ವ ಕೊಡಲಿಲ್ಲ. ಸುತ್ತ ಕತ್ತರಿಸಿಕೊಂಡು ತಲೆದಿಂಬಿನ ಕೆಳಗೆ ಇಟ್ಟುಕೊಂಡಳು. ದಿನಾ ಬೆಳಿಗ್ಗೆ ಅದನ್ನು ತೆಗೆದು ಮುಟ್ಟಿ ನೋಡುತ್ತಾಳೆ, ಗಂಗಾಳನ್ನೂ ಕರೆದು ಮುಟ್ಟಲು ಹೇಳುತ್ತಾಳೆ. ಗಂಗಾ ಮುಟ್ಟುತ್ತಾಳೆ.