ಮೀಸಲು ಹಾಲು

ಪೋಲಿಯೊ ಹನಿ ಹಾಕುವುದು ಶುರುವಾದ ವರ್ಷ ಅದು. ಹನಿ ಹಾಕಲು ಹುಳಿಯಾರು ಕಡೆಯ ಆ ಹಟ್ಟಿಗೆ ಬಂದ ನರ್ಸ್ ಕೋಮಲಾ, ಹಾಕಿ ಸುಮ್ಮನೆ ಹೋಗಬಾರದೆ? ಜಗಲಿ ಮೇಲೆ ಕೂತು, ಎರಡು ವರ್ಷದ ಚಿತ್ತೇಶನಿಗೆ ಊಟ ಸಾಲದು ಅಂದಳು. ಅವನ ಅಜ್ಜಿ ಮುದ್ದಕ್ಕನಿಗೆ ತಲೆಚಿಟ್ಟು ಹಿಡಿಯಿತು. ಸಾಲದಂತೆ! ಸೊಸೆ ಎರಡನೇ ಹೆರಿಗೆಗೆ ತವರಿಗೆ ಹೋದಾಗ ಕಡ್ಡಿಯಂತಿದ್ದ ಮಗು. ಈಗ ಕೆನ್ನೆ ತುಂಬಿದೆ, ಪಾದ ಬನ್ನಿನ ಹಾಗೆ ಉಬ್ಬಿದೆ. ಅಳುವುದೂ ಇಲ್ಲ.

"ಮೂರೊತ್ತೂ ರಾಗಿಗಂಜಿ, ಎಳನೀರು. ಇನ್ನೇನು ಹುಯ್ಯಾನ ಅದರ ಬಾಯಿಗೆ?"

"ಗಂಜೀಲಿ ಹೊಟ್ಟೆ ತುಂಬುತ್ತೆ, ಮೈ ಕಟ್ಟಲ್ಲ ಅಜ್ಜಿ. ಮೈ ಕಟ್ಟೋದು ಪ್ರೋಟೀನು. ಹಾಲು, ಮೊಟ್ಟೆ, ಬೇಳೇಲಿರುತ್ತೆ." ಕೋಮಲಾ ತನ್ನ ಕೊರಳಿನ ಮಣಿಸರ ಹಿಡಿದು ತೋರಿಸಿದಳು. "ಇಂಥಾ ಸರ ಅದು. ಮಣಿ ಪೋಣಿಸಿ, ಮಡಚಿ ಮಡಚಿ ಇಟ್ಟಂಗೆ. ಮಡಚಿದ ರೀತಿಗೆ ತಕ್ಕ ಕೆಲಸ. ಒಂದು ಕೂದಲಾಗುತ್ತೆ, ಒಂದು ಮಾಂಸ, ಒಂದು ತಿಂದಿದ್ದನ್ನ ಅರಗಿಸುತ್ತೆ. ಇನ್ನೊಂದು ರಕ್ತದೊಳಗಿನ ನೀರು ಆಚೆಗೆ ಸೋರದಂಗೆ ಹಿಡಿದಿಡುತ್ತೆ. ಊಟದಲ್ಲಿ ಮಣಿ ಸಿಗದಿದ್ರೆ ಸರ ಎಲ್ಲಿಂದ ಬರುತ್ತೆ? ಇವನ ಕೂದಲು ನೋಡಿ, ಕೆಂಚಗಾಗಿದೆ. ಇದು ಮೈ ಬಂದಿರೋದಲ್ಲ, ನೀರು."

"ಮಣಿಯಂತೆ, ಸರವಂತೆ! ಮಗೀಗೆ ಕಣ್ಣಾಕಬ್ಯಾಡ, ಎದ್ದೋಗವ್ವ."

"ಕೊಟ್ಟಿಗೇಲಿ ಎರಡು ಹಸು ಕರೀತಾವಲ್ಲ, ಆ ಹಾಲು?"

"ಅದು ಮೀಸಲು."

ಹಸು ಕರು ಹಾಕಿದರೆ, ಕುಲದೇವರಿಗೆ ತುಪ್ಪ ಒಪ್ಪಿಸುವ ತನಕ ಆ ಹಾಲು ಮನೆಯವರ ನಾಲಿಗೆಗೆ ತಾಕಬಾರದು. ಈ ಸಲ ಸೂತಕದ ಮೇಲೆ ಸೂತಕ ಬಂದು ದೇವರ ಸೇವೆ ಮುಂದಕ್ಕೆ ಹೋಗುತ್ತಲೇ ಇತ್ತು. ಇದನ್ನೆಲ್ಲ ಈ ಪೇಟೆಯವಳಿಗೆ ಯಾರು ಬಿಡಿಸಿ ಹೇಳಬೇಕು!

"ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನಂಗಾಯ್ತು!" ಕೋಮಲಾಳ ತಾಳ್ಮೆಯೂ ಹರಿಯಿತು. ಮಗುವಿನ ಪಾದ ಹಿಡಿದು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. "ಹಿಂಗೇ ಬಿಟ್ರೆ ಉಳಿಯಲ್ಲ. ಇವತ್ತೇ ಆಸ್ಪತ್ರೆಗೆ ಕರಕೊಂಡು ಬನ್ನಿ." ಚೀಲ ಹೆಗಲಿಗೇರಿಸಿ ನಡೆದೇಬಿಟ್ಟಳು.

ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಮುದ್ದಕ್ಕ ಮಗುವನ್ನು ಎತ್ತಿಕೊಳ್ಳಲು ಬಗ್ಗಿದಳು. ಪಾದದ ಮೇಲೆ ಒತ್ತಿದ ಕುಳಿ ಹಾಗೇ ಇತ್ತು. ಪಕ್ಕದಲ್ಲಿ ತಾನೂ ಒತ್ತಿದಳು. ಅದೂ ಮೇಲೇಳಲಿಲ್ಲ.

ಅವಳು ಹುಟ್ಟಿದಾಗಿನಿಂದ ಕುರಿಗಳ ನಡುವೆ ಬದುಕಿದವಳು. ಗದ್ದದ ಕೆಳಗೆ ನೀರಿಳಿದ ಕುರಿಯನ್ನು ಒತ್ತಿದರೆ ಹೀಗೇ ಕುಳಿ ನಿಲ್ಲುತ್ತದೆ. ಅಂಥ ಕುರಿಯನ್ನು ಹಟ್ಟಿಯಲ್ಲಿ ಯಾರೂ ಕೊಬ್ಬಿದೆ ಅನ್ನುವುದಿಲ್ಲ, ಗುದ್ದಲಿ ಹುಡುಕುತ್ತಾರೆ. ಕುರಿಯಲ್ಲಿ ಕಂಡದ್ದು ತನ್ನ ಕೂಸಿನಲ್ಲಿ ಕಾಣಲಿಲ್ಲವಲ್ಲ ಎಂದು ತನ್ನ ಮೇಲೇ ಅವಳಿಗೆ ಮೈಯೆಲ್ಲ ಉರಿಯಿತು.

ಒಳಗೆ ಹೋಗಿ ಮೀಸಲು ಹಾಲಿನ ಗಡಿಗೆಗೆ ಕೈಯಿಟ್ಟಳು. ದೇವರ ಗೂಡಿನ ಕಡೆ ತಿರುಗಿ, "ಸಿಟ್ಟು ಬಂದ್ರೆ ನನ್ನ ಮ್ಯಾಲೆ ತೀರಿಸ್ಕೊ, ಕೂಸಿನ ತಂಟೆಗೆ ಬರಬ್ಯಾಡ" ಅಂದಳು. ಹಾಲು ಕಾಯಿಸಿ, ಆರಿಸಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂಸಿಗೆ ಕುಡಿಸುವ ಒಳಲೆಯ ತುದಿಯನ್ನು ತುಟಿಗೆ ಹಿಡಿದಳು.

ಹಾಲು ಕಟವಾಯಿಯಿಂದ ಇಳಿದು ಕುತ್ತಿಗೆಗೆ ಹರಿಯಿತು. ಮಗು ಮುಖವನ್ನು ಅತ್ತ ತಿರುಗಿಸಿತು. ಅಳಲಿಲ್ಲ.

ಮುದ್ದಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ತೆಂಗಿನ ತೋಟದ ದಾರಿಯಲ್ಲಿ ಬರಿಗಾಲಲ್ಲೇ ಓಡಿದಳು.

"ಕೋಮಲವ್ವಾ, ನಿಂತ್ಕಳೇ! ಕೊಟ್ಟೆ ಕಣೇ, ಹಾಲು ಕೊಟ್ಟೆ! ಇವ್ನು ಕುಡೀತಿಲ್ಲ ಕಣೇ!"